ಬೇಳೆ ಮಿಲ್ಲಿನಲ್ಲಿ ಬೆಲ್ಲದ ಮಸಿ

ಮೂರನೇ ಸಲವೂ ಪರದೆ ಅದೇ ಮಾತು ಹೇಳಿತು. ನೀಲಿ ಹಿನ್ನೆಲೆ, ಬಿಳಿ ಅಕ್ಷರ, ತಪ್ಪು ತನ್ನದಲ್ಲ ಎನ್ನುವವರ ಸಭ್ಯ ಧಾಟಿ: ಸ್ಟಾರ್ಟಪ್ ರಿಪೇರಿಯಿಂದ ನಿಮ್ಮ ಪಿಸಿ ಸರಿಹೋಗಲಿಲ್ಲ.

"ಏನಂದ್ರ, ಮೂರ್ ಸಲ ಆತು," ಜಗದೇವ ನನ್ನ ಬೆನ್ನ ಹಿಂದಿನಿಂದ ಅಂದ. "ಇನ್ನ ಎಷ್ಟ್ ಸಲ ಕೇಳ್ತೀರಿ ಅದಕ್ಕ?"

"ಹೂಂ ಅನ್ನೂತನಕ," ಅಂದೆ.

ಜೇವರ್ಗಿ ರಸ್ತೆಯಲ್ಲಿ ಅಫಜಲಪುರದ ತೊಗರಿ ದಲಾಲ ನಂದಕಿಶೋರನ ಹೆಣ ಸಿಕ್ಕು ಒಂಬತ್ತು ದಿನ. ಪಕ್ಕದಲ್ಲಿ ಸಿಕ್ಕ ಒಡೆದ ಲೈಟಿನ ಗಾಜು ಆಳಂದದ ಈ ಬೇಳೆ ಮಿಲ್ಲಿನ ಪಿಕಪ್ಪಿನದು. ಅದರ ಡ್ರೈವರ್ ಸಂಜುಕುಮಾರ "ಆ ಹೊತ್ತಿಗೆ ಮಿಲ್ಲಿನಾಗೇ ಇದ್ದೆ" ಎಂದು ಒಂದೇ ಮಾತು ಹೇಳಿ ಜೈಲಿನೊಳಗೆ ಕೂತಿದ್ದ. ಮಿಲ್ಲಿನ ಗೇಟಿನ ಕ್ಯಾಮೆರಾ ಹಿಡಿದದ್ದೆಲ್ಲ ಈ ಕಂಪ್ಯೂಟರಿನ ಹೊಟ್ಟೆಯಲ್ಲಿ. ನಾಳೆ ಹನ್ನೊಂದಕ್ಕೆ ಜೇವರ್ಗಿ ಕೋರ್ಟಿನಲ್ಲಿ ಅವನ ಜಾಮೀನಿನ ಅರ್ಜಿ.

ಸಂಜುವನ್ನು ಹಿಡಿದುಕೊಂಡು ಹೋದ ಮರುದಿನವೇ ಕಂಪ್ಯೂಟರಿನ ಬೋರ್ಡು ಸುಟ್ಟಿತ್ತು. ಮಿಲ್ಲಿನ ಮಾಲೀಕರಾದ ಸಾವಕಾರರ ಮನೆಯಾಕೆ ಶಿವಕಾಂತಾ ಅವರೇ ಫೋನ್ ಮಾಡಿ ನನ್ನನ್ನು ಕರೆಸಿದ್ದರು. ಸೋಮವಾರ ಸಂಜೆ ಹೊಸ ಬೋರ್ಡು ಕೂಡಿಸಿದೆ. ಡಿಸ್ಕ್ ಕಂಡಿತು, ಕರೆಂಟು ಹೋಯಿತು. ಮಂಗಳವಾರ ಮಿಲ್ಲಿಗೆ ವಾರದ ರಜೆ. ಇವತ್ತು ಬುಧವಾರ, ಮಧ್ಯಾಹ್ನ ಎರಡು ಗಂಟೆ, ಮತ್ತು ನನ್ನ ರಿಪೇರಿ ಸಿಡಿಯ ಮೂರು ಸೋಲು.

ಗಾದಿ ಕೋಣೆಯಲ್ಲಿ ನಾವು ನಾಲ್ಕು ಮಂದಿ. ಬಿಳಿ ಗಾದಿಯ ಮೇಲೆ ಲೋಡಿಗೆ ಒರಗಿ ಮಾಲೀಕ ದೌಲತರಾಯರು, ಹಣೆಗೆ ವಿಭೂತಿ, ಕೈಯಲ್ಲಿ ಆರಿಹೋದ ಚಾ. ಅವರ ಹೆಂಡತಿಯ ತಮ್ಮ ಜಗದೇವ, ಮಿಲ್ಲಿನ ಮ್ಯಾನೇಜರು. ಮಾತಿನ ಮುಂದೆ 'ಏನಂದ್ರ' ಕಟ್ಟದಿದ್ದರೆ ಅವನ ಬಂಡಿ ಮುಂದಕ್ಕೆ ಹೋಗುವುದಿಲ್ಲ. ಬಾಗಿಲ ಪಕ್ಕ ಸ್ಟೂಲಿನ ಮೇಲೆ ಸಂಜುವಿನ ತಂಗಿ ಐಶ್ವರ್ಯಾ. ನರೋಣಾದಲ್ಲಿ ಶಾಲೆಯ ಟೀಚರು, ರಜೆ ಹಾಕಿ ಬಂದಿದ್ದಳು. ಮತ್ತು ನಾನು, ಮೃಣಾಲಿನಿ, ಬಸ್ ಸ್ಟ್ಯಾಂಡಿನ ಹಿಂದೆ ಹತ್ತಡಿ ಅಂಗಡಿ, ಕೈಯಲ್ಲಿ ಸ್ಕ್ರೂ ಡ್ರೈವರು.

ಜಗದೇವ ಒಂದು ಟೈಪು ಮಾಡಿದ ಹಾಳೆಯನ್ನು ಕೀಬೋರ್ಡಿನ ಮೇಲೆ ಇಟ್ಟ.

"ಏನಂದ್ರ, ಇದಕ್ಕೊಂದು ಸಹಿ ಹಾಕ್ರಿ. ಬೋರ್ಡ್ ಬದಲಿ ಮಾಡುಮುಂದ ಡಿಸ್ಕ್ ಕೆಟ್ಟದ, ಒಳಗಿಂದು ಎಲ್ಲಾ ಹೋಗ್ಯದ, ವಾಪಸ್ ಬರಂಗಿಲ್ಲ. ಇಷ್ಟೇ. ನಾಳಿ ವಕೀಲರು ಕೋರ್ಟಿನ್ಯಾಗ ಕೊಡ್ತಾರ."

"ಇದನ್ನ ಯಾವಾಗ ಟೈಪ್ ಮಾಡ್ಸಿದ್ರಿ?"

"ಏನಂದ್ರ, ಮುಂಜಾನಿ."

"ನಾ ಬಂದಿದ್ದು ಹನ್ನೆರಡಕ್ಕ. ನಾ ಸೋಲೂದು ನಿಮಗ ಮುಂಜಾನೇನೇ ಗೊತ್ತಿತ್ತು?"

ದೌಲತರಾಯರು ಲೋಡಿನಿಂದ ಸ್ವಲ್ಪ ಎದ್ದರು. "ಜಗದೇವಾ, ಸುಮ್ಮಿರು. ತಂಗೀ ಮೃಣಾಲಿನಿ, ಬರೇ ಬೋರ್ಡ್ ಬದಲಿ ಮಾಡಿದ್ರ ಇಷ್ಟ್ಯಾಕ ಆಗಬೇಕು? ನನಗ ತಿಳಿಯೂಹಂಗ ಹೇಳು."

"ಮದರ್ ಬೋರ್ಡ್ ಬದಲಿ ಮಾಡೇವಲ್ರಿ ಕಾಕಾ. ಮನಿಗೆ ಮಲತಾಯಿ ಬಂದಾಳ. ಒಂದೆರಡು ದಿನ ಮಕ್ಕಳು ಮುನಿಸ್ಕೊಂತಾವ. ರಮಿಸಿದ್ರ ಸರಿ ಹೋಗ್ತಾವ."

"ಇದು ರಮಿಸಿದ್ರೂ ಹೋಗವಲ್ದಲ್ಲ."

"ಅದೇ ನನಗೂ ಚಿಂತಿ."

ಐಶ್ವರ್ಯಾ ಸ್ಟೂಲಿನಿಂದ ಎದ್ದು ಬಂದಳು. ಎಷ್ಟೋ ದಿನದಿಂದ ಸರಿಯಾಗಿ ನಿದ್ದೆ ಇಲ್ಲದ ಕಣ್ಣು. "ಅಕ್ಕಾ, ನೀವು ಸಹಿ ಹಾಕಿದ್ರ ನಮ್ಮಣ್ಣನ ಕಥಿ ಮುಗೀತು. ಅವ್ನ ಕಡಿಗೆ ಹೇಳಾಕ ಇನ್ನೊಂದು ಸಾಕ್ಷಿ ಇಲ್ಲ."

"ಅಣ್ಣ ಏನಂದ ನಿನಗ, ಕಡೀ ಸಲ ಕಂಡಾಗ?"

"ಕ್ಯಾಮೆರಾ ಗೊಡವಿ ಬಿಡು ಅಂದ. ನಾ ಬಿಡಂಗಿಲ್ಲ ಅಂದೆ. ಸಿಟ್ಟಿಗೆದ್ದು ಮಾರಿ ತಿರುವಿದ."

ತನ್ನನ್ನು ಬಿಡಿಸುವ ಒಂದೇ ಸಾಕ್ಷಿಯ ಗೊಡವೆ ಬೇಡ ಎನ್ನುವ ಆರೋಪಿ. ಅದನ್ನು ತಲೆಯ ಒಂದು ಮೂಲೆಯಲ್ಲಿ ಎತ್ತಿಟ್ಟು ನಾನು ಪರದೆಗೆ ತಿರುಗಿದೆ. ಹಾಳೆಯನ್ನು ಮಡಚಿ ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ತುರುಕಿದೆ. ಮೇಜು ಸ್ಥಿರವಾಯಿತು. ಜಗದೇವ ಅಲುಗಾಡಿದ.

"ಏನಂದ್ರ ಮೇಡಂ, ಅದು ಕೋರ್ಟಿಗೆ ಹೋಗೂ ಕಾಗದ."

"ಏನಂದ್ರ," ಅವನ ಗಂಟಲನ್ನೇ ಎರವಲು ಪಡೆದು ಅಂದೆ, "ಸಹಿ ಇಲ್ಲದ ಕಾಗದ ಎಲ್ಲಿಗೂ ಹೋಗಂಗಿಲ್ರಿ. ಇಲ್ಲೇ ಮೇಜಿಗೆ ಆಧಾರ ಆಗ್ತದ."

ಐಶ್ವರ್ಯಾಳ ತುಟಿ ಒಂಬತ್ತು ದಿನದಲ್ಲಿ ಮೊದಲ ಸಲ ಸಡಿಲಾಯಿತು. ದೌಲತರಾಯರು ಚಾ ಬಟ್ಟಲಿನ ಹಿಂದೆ ಮುಖ ಮರೆಮಾಡಿದರು. ಜಗದೇವನಿಗೆ ಮಾತ್ರ ತನ್ನ ಧ್ವನಿಯ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

ರಿಪೇರಿ ಒಪ್ಪದಿದ್ದರೆ ಅದರ ಹಿಂಬಾಗಿಲೊಂದಿದೆ: ಕಪ್ಪು ಕಿಟಕಿ, ಅಲ್ಲಿ ಬೆರಳಚ್ಚು ಮಾಡಿ ಯಂತ್ರವನ್ನು ನೇರ ಪ್ರಶ್ನೆ ಕೇಳಬಹುದು. ಕೇಳಿದೆ: ನಿನ್ನ ಹತ್ತಿರ ಇರುವ ಡಿಸ್ಕುಗಳ ಪಟ್ಟಿ ಕೊಡು.

ಒಂದೇ ಸಾಲು ಬಂತು. ಒಂದು ಡಿಸ್ಕ್. ಅಳತೆ ಸರಿ. ಸಾಲಿನ ಕೊನೆಗೆ ಕಣ್ಣು ಹೋಯಿತು, ಅಲ್ಲೇ ನಿಂತಿತು.

ಡಿಸ್ಕಿನ ಮೇಲೆ ವಿಂಡೋಸ್ ಕೂಡಿಸುವುದಕ್ಕೆ ಎರಡು ಪದ್ಧತಿ: ಒಂದು ಹಳೆಯದು, ಒಂದು ಹೊಸದು. ಹೊಸ ಪದ್ಧತಿಯ ಡಿಸ್ಕಾದರೆ ಈ ಪಟ್ಟಿಯಲ್ಲಿ ಸಾಲಿನ ತುದಿಗೆ ಒಂದು ಪುಟ್ಟ ನಕ್ಷತ್ರ ಮೂಡುತ್ತದೆ. ಈ ಮಿಲ್ಲಿನ ಯಂತ್ರಕ್ಕೆ ಎರಡು ವರ್ಷದ ಹಿಂದೆ ವಿಂಡೋಸ್ ಹಾಕಿದವಳು ನಾನೇ. ಹೊಸ ಪದ್ಧತಿ ಬಿಟ್ಟು ನಾನು ಬೇರೆ ಹಾಕುವವಳಲ್ಲ.

ನಕ್ಷತ್ರ ಇರಲಿಲ್ಲ.

ಜಾತಕವೇ ಬೇರೆ ಯಾರದೋ.

ಯಂತ್ರ ಆರಿಸಿ, ಕ್ಯಾಬಿನೆಟ್ಟಿನ ಪಕ್ಕದ ತಗಡಿಗೆ ಸ್ಕ್ರೂ ಡ್ರೈವರು ಹಚ್ಚಿದೆ.

"ಏನಂದ್ರ, ಮತ್ತ ಯಾಕ ಬಿಚ್ತೀರಿ?" ಜಗದೇವ ಎರಡು ಹೆಜ್ಜೆ ಮುಂದೆ ಬಂದ. "ಬಿಚ್ಚಿ ಬಿಚ್ಚೇ ಈ ಗತಿ ಬಂದದ."

"ಬಿಚ್ಚಲಿ ಬಿಡು," ಅಂದರು ದೌಲತರಾಯರು.

ತಗಡು ಸರಿಯಿತು. ಬೇಳೆ ಮಿಲ್ಲಿನ ಕಂಪ್ಯೂಟರಿನ ಒಳಗು ನೋಡಿದವರಿಗೆ ಗೊತ್ತು: ಅದು ಕಂಪ್ಯೂಟರಲ್ಲ, ತೊಗರಿ ಹೊಟ್ಟಿನ ಹಗೇವು. ಫ್ಯಾನಿನ ರೆಕ್ಕೆಗೆ ಹಳದಿ, ವೈರುಗಳ ಮೇಲೆ ಹಳದಿ, ಕರೆಂಟು ಕೊಡುವ ಡಬ್ಬಿಯ ಜಾಳಿಗೆಯಲ್ಲಿ ಹಳದಿ. ನಾನು ಸೋಮವಾರ ಕೂಡಿಸಿದ ಬೋರ್ಡು ಮಾತ್ರ ಮದುವಣಗಿತ್ತಿಯಂತೆ ಲಕಲಕ. ಅದು ನ್ಯಾಯ, ಅದು ಹೊಸದು.

ಆದರೆ ಡಿಸ್ಕೂ ಲಕಲಕ.

ಎರಡು ವರ್ಷ ಈ ಹಳದಿಯಲ್ಲಿ ಕೂತಿದ್ದ ಡಿಸ್ಕು. ಸೋಮವಾರ ಅದನ್ನು ನಾನು ಒರೆಸಿರಲಿಲ್ಲ, ಮುಟ್ಟಿದಾಗ ಬೆರಳಿಗೆ ಅರಿಶಿನ ಹಚ್ಚಿದಂತಾಗಿತ್ತು, ಲಂಗಕ್ಕೆ ಒರೆಸಿಕೊಂಡು ಬೈದುಕೊಂಡದ್ದು ನೆನಪಿದೆ. ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದೆ. ಮೇಲ್ಮೈ ಚೊಕ್ಕ. ಸ್ಕ್ರೂ ಕೂಡುವ ತಗ್ಗುಗಳಲ್ಲಿ, ಚೀಟಿಯ ಅಂಚಿನಲ್ಲಿ, ಕಪ್ಪು. ಉಗುರಿನಿಂದ ಕೆರೆದೆ. ಉದುರಲಿಲ್ಲ, ಅಂಟಿಕೊಂಡು ಬಂತು. ಮೂಸಿ ನೋಡಿದೆ. ಸುಟ್ಟ ಪಾಕದ ವಾಸನೆ.

"ಪೀರಬಿಯನ್ನ ಕರೀ," ಐಶ್ವರ್ಯಾಗೆ ಅಂದೆ.

ಪೀರಬಿ ಹೊರಗೆ ಬೇಳೆ ಹಸನು ಮಾಡುವ ಮೇಜಿನ ಮುಂದೆ ಇದ್ದಳು. ಮಿಲ್ಲಿನ ಹಿಂದಿನ ಖೋಲಿಯಲ್ಲೇ ಅವಳ ವಾಸ. ಸೆರಗಿನಿಂದ ಮುಖದ ಧೂಳು ಒರೆಸಿಕೊಳ್ಳುತ್ತ ಬಂದಳು.

"ಏನಂದ್ರ," ಜಗದೇವ ನಕ್ಕ, "ಕಂಪ್ಯೂಟರ್ ಇಂಜಿನಿಯರ್ ಬಂದ್ಲು ನೋಡ್ರಿ. ಅಕಿಗೇನು ತಿಳೀತದ ಇದ್ರಾಗ?"

"ಹದ್ನೆಂಟು ವರ್ಷ ಬ್ಯಾಳ್ಯಾಗಿಂದ ಕರೇದು ಹೆಕ್ಕೇನಿ ಸಾಬ್," ಪೀರಬಿ ಅವನ ಕಡೆ ನೋಡದೆ ಅಂದಳು. "ಕರೇದು ಅಂದ್ರ ನನಗ ತಿಳೀದಿದ್ರ ಯಾರಿಗೆ ತಿಳೀಬೇಕು? ತೋರ್ಸ್ರಿ ಮೇಡಂ."

ಡಿಸ್ಕನ್ನು ಕೈಗೆ ಕೊಟ್ಟೆ. ಅವಳು ಹೆಬ್ಬೆರಳು ತಿಕ್ಕಿದಳು, ಮೂಗಿಗೆ ಹಿಡಿದಳು, ಮತ್ತೆ ತಿಕ್ಕಿದಳು.

"ಇದು ಬೆಲ್ಲದ ಗಾಣದ ಮಸಿ. ಕಬ್ಬಿನ ಒಣಗರಿ, ರವದಿ ಸುಟ್ಟ ಬೂದಿ, ಅದ್ರ ಮ್ಯಾಲ ಪಾಕದ ಹಬಿ ಕುಂತದ. ಎರಡು ಸೀಜನ್ ಭೂಸನೂರಾಗ ಗಾಣಕ್ಕ ಹೋಗಿದ್ದೆ ನಾ. ಸೀರಿಗೆ ಹತ್ತಿದ್ರ ಸೀರಿ ಹರೀತದ, ಮಸಿ ಹೋಗಂಗಿಲ್ಲ."

"ಇನ್ನೊಂದು ಹೇಳು. ನಿನ್ನಿ ಮಿಲ್ ಬಂದ್ ಇತ್ತಲ್ಲ?"

"ಬಂದ್ ಇತ್ರಿ. ಆದ್ರ ದೋಪಾರ್ದಾಗ ಬ್ಲೋವರ್ ಆವಾಜ್ ಬಂತು, ಈ ಕೋಣ್ಯಾಗಿಂದ. ರಜಾ ದಿನ ಯಾರಿಗೆ ಇಷ್ಟು ಸಫಾಯಿ ಹುಚ್ಚು ಅನ್ಕೊಂಡೆ."

ಪೀರಬಿ ಡಿಸ್ಕನ್ನು ನನ್ನ ಅಂಗೈಗೆ ಇಟ್ಟು, ಅದೇ ನಿಧಾನದಲ್ಲಿ ತನ್ನ ಮೇಜಿಗೆ ಹೋದಳು.

"ಕಾಕಾ," ಅಂದೆ, "ನಿಮ್ಮ ಮಿಲ್ಲಿನಾಗ ಎಲ್ಲಾರೂ ಎಲ್ಲಾದಕ್ಕೂ ಬ್ಲೋವರ್ ಹಿಡೀತೀರಿ. ಚಪ್ಪಲಿಗೆ, ಬುತ್ತಿ ಡಬ್ಬಿಗೆ, ಫೋನಿಗೆ. ಮೊನ್ನಿ ನೋಡೀನಿ, ಒಬ್ಬಾಂವ ತಲಿಗೂ ಹಿಡ್ಕೊಂಡು ನಿಂತಿದ್ದ, ಹೂಊಊಊ ಅಂತ. ತೊಗರಿ ಹೊಟ್ಟು ಹಾರ್ತದ, ಖರೇ. ಬೆಲ್ಲದ ಮಸಿ ಹಾರಂಗಿಲ್ಲ. ಅದು ಗೊತ್ತಿಲ್ಲದಾಂವ ಬ್ಯಾಳಿ ಮಿಲ್ಲಿನಾಂವನೇ ಇರಬೇಕು."

"ತಂಗೀ, ಬಿಡಿಸಿ ಹೇಳು."

"ಈ ಕೂಸು ಮಲತಾಯಿ ಮ್ಯಾಲ ಮುನಿಸ್ಕೊಂಡಿಲ್ರಿ. ಇದು ನಿಮ್ಮ ಮನಿ ಕೂಸೇ ಅಲ್ಲ. ನಿಮ್ಮ ಡಿಸ್ಕ್ ಯಾರೋ ತೆಗದಾರ. ಅದೇ ಕಂಪನಿದು, ಅದೇ ಅಳತೀದು ಇನ್ನೊಂದು ತಂದು ಕೂಡ್ಸ್ಯಾರ. ಭೂಸನೂರಾಗಿನ ಗಾಣ ಯಾರದದ ಕಾಕಾ?"

ದೌಲತರಾಯರು ಬಟ್ಟಲನ್ನು ಕೆಳಗಿಟ್ಟರು. ಸದ್ದಾಗದಂತೆ ಇಟ್ಟರು.

"ನಮ್ಮದೇ ಅದ. ಜಗದೇವ ನೋಡ್ಕೊಂತಾನ."

ಎಲ್ಲರೂ ಜಗದೇವನನ್ನು ನೋಡಿದೆವು. ಅವನು ತಲೆ ತಗ್ಗಿಸುತ್ತಾನೆ ಎಂದುಕೊಂಡಿದ್ದೆ. ಇಲ್ಲ. ಎದೆ ಉಬ್ಬಿಸಿ, ಎದುರಿನ ಖುರ್ಚಿ ಎಳೆದು, ಕಾಲ ಮೇಲೆ ಕಾಲು ಹಾಕಿ ಕೂತ.

"ಹೌದು. ನಾನೇ ಬದಲಿ ಮಾಡೇನಿ. ಮುಂದ?"

ಮೊದಲ ಸಲ 'ಏನಂದ್ರ' ಇರಲಿಲ್ಲ.

"ಮಿಲ್ಲಿನ ಡಿಸ್ಕ್ ಎಲ್ಲದ?" ಐಶ್ವರ್ಯಾ ಕೇಳಿದಳು.

"ನಿನ್ನಿ ಸಂಜಿ ಅಫಜಲಪುರದ ಕಡಿ ಹೋಗಿದ್ದೆ. ಸೇತುವಿ ಮ್ಯಾಲಿಂದ ಭೀಮಾ ನದ್ಯಾಗ ಒಗದೀನಿ." ಅವನು ನನ್ನ ಕಡೆ ತಿರುಗಿದ. "ಈಜು ಬರ್ತದೇನ್ರಿ ಮೇಡಂ?"

ಐಶ್ವರ್ಯಾ ನೇರ ಅವನ ಮುಂದೆ ಹೋಗಿ ನಿಂತಳು.

"ಜಗದೇವಣ್ಣಾ, ನಮ್ಮಣ್ಣ ನಿಮ್ಮ ಗಾಡಿ ಆರು ವರ್ಷ ಹೊಡದಾನ. ನಿಮ್ಮ ಮಗಳ ಲಗ್ನದಾಗ ಮೂರು ದಿನ ನಿದ್ದಿ ಮಾಡಿಲ್ಲ. ಅಂವಗ ಯಾಕ ಹಿಂಗ ಮಾಡಿದಿ? ನನ್ನ ಮಾರಿ ನೋಡಿ ಹೇಳು."

"ನಿನಗ ತಿಳಿಯೂದಲ್ಲ."

"ಮಕ್ಕಳಿಗೆ ಕಲಸ್ತೇನಿ ನಾ. ನಿಧಾನಕ ಹೇಳು, ತಿಳ್ಕೊಂತೇನಿ."

ಜಗದೇವ ಅವಳ ಮುಖ ನೋಡಲಿಲ್ಲ. ಭಾವ ದೌಲತರಾಯರಿಗೆ ಮಾತಾಡಿದರೂ ಅವರ ಕಡೆಗೂ ನೋಡಲಿಲ್ಲ. "ಮಾಮಾ, ಮನಿ ಮರ್ಯಾದಿ ಪ್ರಶ್ನೆ ಅದ. ಎಲ್ಲಾರ ಮುಂದ ಬಾಯಿ ಬಿಡ್ಸಬ್ಯಾಡ್ರಿ." ಮತ್ತೆ ನನಗೆ: "ಪೊಲೀಸರಿಗೆ ಹೇಳ್ತೀರಿ? ಹೇಳ್ರಿ. ಡಿಸ್ಕ್ ಕೆಟ್ಟಿತ್ತು, ಬದಲಿ ಮಾಡೇನಿ ಅಂತೇನಿ. ಮಸಿ ವಾಸನಿ ನೋಡಿ ಯಾವ ಜಡ್ಜ್ ಸಾಹೇಬರು ಜಾಮೀನು ಕೊಡ್ತಾರ? ನದ್ಯಾಗಿಂದು ಸಿಗಂಗಿಲ್ಲ. ನಿಮ್ಮ ಕೈಯಾಗಿಂದು ಸತ್ತದ."

"ಸತ್ತದ ಅಂತ ಯಾರಂದ್ರು?"

"ನಾನೇ ಹಚ್ಚಿ ನೋಡೇನಿ. ಬೂಟ್ ಆಗಲಿಲ್ಲ. ನೀವೂ ಮೂರು ಸಲ ರಿಪೇರಿ ಮಾಡಿದ್ರಿ, ಆಗಲಿಲ್ಲ. ಮತ್ತೇನು ಬೇಕು?"

ಅಲ್ಲಿಗೆ ನನಗೆ ಅವನ ಲೆಕ್ಕಾಚಾರ ಪೂರ್ತಿ ಕಂಡಿತು. ಗಾಣದ ಡಿಸ್ಕು ತಂದಿದ್ದಾನೆ. ಇಲ್ಲಿ ಹಾಕಿದ್ದಾನೆ. ಪರದೆ ಮೇಲೆ 'ಬೂಟ್ ಆಗುವ ಡಿಸ್ಕ್ ಇಲ್ಲ' ಎಂದು ಬಂದದ್ದೇ ಕುಣಿದಿದ್ದಾನೆ: ಒಳ್ಳೇದಾಯಿತು, ಇದು ಖಾಲಿ, ಇದು ಹೆಣ, ಅಳಿಸುವ ಕೆಲಸವೂ ಇಲ್ಲ.

"ಬೂಟ್ ಆಗಲಿಲ್ಲ ಅಂದ್ರ ಸತ್ತಂಗಲ್ರಿ ಜಗದೇವಣ್ಣಾ," ಅಂದೆ. "ಬೂಟಿಲ್ಲದವ್ರು ಚಪ್ಪಲಿ ಹಾಕ್ಕೊಂಡು ನಡೀತಾರ."

"ಅಂದ್ರ?"

"ನಾ ಹಾಕಿದ ಹೊಸ ಬೋರ್ಡಿಗೆ ಹೊಸ ಪದ್ಧತಿ ಬಿಟ್ರ, ನಾವು ಹೇಳೂತನಕ ಬ್ಯಾರೆ ತಿಳಿಯಂಗಿಲ್ಲ. ನಿಮ್ಮ ಗಾಣದ ಡಿಸ್ಕು ಹಳೇ ಪದ್ಧತೀದು. ಒಬ್ರ ಮಾತು ಒಬ್ರಿಗೆ ತಿಳೀವಲ್ದು, ಅಷ್ಟೇ. ರಿಪೇರಿ ಯಾಕ ಸೋತದ ಅಂದ್ರ ಕೆಟ್ಟದ್ದು ಏನೂ ಇಲ್ಲ. ಕೆಡದಿದ್ದನ್ನ ಅದು ಹ್ಯಾಂಗ ರಿಪೇರಿ ಮಾಡಬೇಕು ಪಾಪ?"

ಡಿಸ್ಕನ್ನು ಮತ್ತೆ ಒಳಗೆ ಕೂಡಿಸಿದೆ. ಯಂತ್ರ ಹಚ್ಚಿ, ವಿಂಡೋಸಿಗೂ ಮೊದಲಿನ, ಬೋರ್ಡಿನ ಸ್ವಂತ ಪಟ್ಟಿಗೆ ಹೋದೆ. ಅಲ್ಲೊಂದು ಸಾಲು: ಹಳೇ ಪದ್ಧತಿಗೆ ಅವಕಾಶ. 'ಬೇಡ' ಎಂದಿತ್ತು. 'ಬೇಕು' ಮಾಡಿದೆ. ಉಳಿಸಿ ಹೊರಬಂದೆ.

ಪರದೆ ಕಪ್ಪಾಯಿತು. ಗೆರೆಯೊಂದು ಮಿಣುಕಿತು. ಆಮೇಲೆ ಬಿಳಿ ಚುಕ್ಕಿಗಳು ಒಂದರ ಹಿಂದೊಂದು ಸುತ್ತು ಹೊಡೆಯತೊಡಗಿದವು. ಹೊಸ ಬೋರ್ಡು ನೋಡಿ ವಿಂಡೋಸಿಗೂ ಗಾಬರಿ. ತನ್ನ ಸಾಮಾನುಗಳನ್ನೆಲ್ಲ ಮತ್ತೆ ಗುರುತು ಹಿಡಿಯುತ್ತಿದ್ದೇನೆ, ತಡೆಯಿರಿ ಎಂದಿತು. ತಡೆದೆವು. ಜಗದೇವ ಕಾಲ ಮೇಲಿನ ಕಾಲು ಇಳಿಸಿದ.

ಪರದೆ ಬೆಳಗಿತು. ಹಿನ್ನೆಲೆಯಲ್ಲಿ ಬೆಲ್ಲದ ಪೆಂಟಿಗಳ ಮುಂದೆ ನಿಂತ ಜಗದೇವನದೇ ಫೋಟೋ, ಕೊರಳಲ್ಲಿ ಹಾರ.

"ಸತ್ತಾಂವ ನಗಾಕತ್ತಾನ ನೋಡ್ರಿ," ಅಂದೆ.

"ನೋಡೀರಿ? ಗಾಣದ್ದು. ಇದ್ರಾಗ ಮಿಲ್ಲಿನ ಗೇಟು ಇಲ್ಲ. ಆಫ್ ಮಾಡ್ರಿ ಇನ್ನ."

ಅವನ ಧ್ವನಿ ಒಂದು ಮೆಟ್ಟಿಲು ಮೇಲೆ ಹತ್ತಿತ್ತು. ಧ್ವನಿಗಳ ವಿಷಯದಲ್ಲಿ ನನ್ನ ಕಿವಿ ಸುಳ್ಳು ಹೇಳುವುದಿಲ್ಲ. ಮೌಸನ್ನು ಬಿಡದೆ ಪರದೆಯ ಮೂಲೆ ಮೂಲೆ ನೋಡಿದೆ. ಕೆಳಗೆ ಎಡಗಡೆ ಒಂದು ಪುಟ್ಟ ಕ್ಯಾಮೆರಾದ ಚಿತ್ರ.

ಗಾಣಕ್ಕೂ ಕ್ಯಾಮೆರಾ ಇತ್ತು.

ತೆರೆದೆ. ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದವು. ಹನ್ನೊಂದನೇ ತಾರೀಖು, ನಂದಕಿಶೋರನ ಹೆಣ ಸಿಕ್ಕ ದಿನ, ಇತ್ತು.

"ಅವತ್ತು ಅಮಾಸಿ," ಜಗದೇವ ಅಂದ. "ಗಾಣ ಬಂದ್ ಇತ್ತು. ಒಂದು ನಾಯಿ ಸೈತ ಇರಲಿಲ್ಲ."

"ಹಂಗಾದ್ರ ನಾಯಿ ಇಲ್ಲದ್ದನ್ನೇ ನೋಡೋಣು."

ಓಡಿಸಿದೆ. ಖಾಲಿ ಅಂಗಳ, ರವದಿಯ ಬಣವಿ, ಆರಿದ ಒಲೆ. ಮುಂಜಾನೆ ಆರು ಗಂಟೆ, ಏಳು, ಎಂಟು. ಕಾಗೆ ಬಂತು, ಹೋಯಿತು. ಒಂಬತ್ತು ಇಪ್ಪತ್ತಕ್ಕೆ ಬಿಳಿ ಪಿಕಪ್ಪೊಂದು ಅಂಗಳಕ್ಕೆ ಬಂದು ನಿಂತಿತು. ಎಡಗಡೆಯ ಲೈಟು ಒಡೆದಿತ್ತು.

ಐಶ್ವರ್ಯಾ ನನ್ನ ಭುಜ ಹಿಡಿದಳು.

ಗಾಡಿಯಿಂದ ಸಂಜುಕುಮಾರ ಇಳಿದ. ಕೆಂಪು ಸ್ವೆಟರು, ಊರಿಗೆಲ್ಲ ಗೊತ್ತಿದ್ದ ಅವನ ಕುಂಟು ನಡಿಗೆ, ಸಂಶಯವೇ ಇಲ್ಲ.

"ಅಣ್ಣ ಸುಳ್ಳು ಹೇಳ್ಯಾನ," ಅವಳು ಅಂದಳು. "ಮಿಲ್ಲಿನಾಗ ಇರಲಿಲ್ಲ ಅಂವಾ. ನನಗೂ ಸುಳ್ಳು ಹೇಳ್ಯಾನ."

"ನಿಲ್ಲು. ಯಾವ ಬಾಗಿಲಿಂದ ಇಳದ ನೋಡು."

ಎಡಗಡೆಯ ಬಾಗಿಲು. ಪಕ್ಕದವರು ಕೂಡುವ ಸೀಟು.

ಜಗದೇವ ಗೋಡೆಯ ಪ್ಲಗ್ಗಿನ ಕಡೆ ಹಾರಿದ. ಬೆರಳುಗಳು ಅದರ ಮೇಲೆ ಬಿದ್ದದ್ದು ನೋಡಿದೆ. ವೈರು ಕಿತ್ತೇಹೋಯಿತು ಎಂದುಕೊಂಡೆ.

"ಜಗದೇವಾ, ಕೀಳಬ್ಯಾಡ. ಪೂರಾ ನೋಡ್ಲಿ."

ಬಾಗಿಲಲ್ಲಿ ಶಿವಕಾಂತಾ ನಿಂತಿದ್ದರು. ಐವತ್ತರ ಮೇಲಿನ ವಯಸ್ಸು, ತಲೆಯ ಮೇಲೆ ಇಳಕಲ್ ಸೆರಗು, ಕೈಯಲ್ಲಿ ಪಿಕಪ್ಪಿನ ಬೀಗದ ಕೈ. ಜಗದೇವ ಕೀಳಲಿಲ್ಲ, ಬೆರಳನ್ನೂ ತೆಗೆಯಲಿಲ್ಲ.

ಪರದೆಯಲ್ಲಿ ಸ್ಟೇರಿಂಗಿನ ಕಡೆಯ ಬಾಗಿಲು ತೆರೆಯಿತು. ಸೀರೆಯ ನಿರಿಗೆ ಸೊಂಟಕ್ಕೆ ಸಿಕ್ಕಿಸಿದ ಹೆಂಗಸೊಬ್ಬರು ಧಪ್ಪನೆ ಕೆಳಗೆ ಹಾರಿದರು. ಕಂಕುಳಲ್ಲಿ ಸುರುಳಿ ಸುತ್ತಿದ ಗಂಟು. ಒಡೆದ ಲೈಟಿನ ಮುಂದೆ ನಿಂತು, ಸೆರಗು ಸರಿಮಾಡಿಕೊಂಡು, ಹಣೆ ಚಚ್ಚಿಕೊಂಡರು. ಅವರೇ ಇವರು.

ದೌಲತರಾಯರು ಗಾದಿಯಿಂದ ಎದ್ದಿದ್ದರು. "ಅವತ್ತು ತವರಿಗೆ ಹಿರೋಳ್ಳಿಗೆ ಹೋಗ್ತೇನಿ ಅಂದಿದ್ದಿ."

"ಹೋಗಿದ್ದೆ. ಜೇವರ್ಗಿ ಮ್ಯಾಲ ಹಾಯ್ದು." ಹಿರೋಳ್ಳಿ ಇರುವುದು ಅದರ ತೀರ ಎದುರು ದಿಕ್ಕಿಗೆ. "ನಾಲ್ಕು ತಿಂಗಳಿಂದ ಗಾಡಿ ಹೊಡಿಯೂದು ಕಲಿಯಾಕತ್ತೇನಿ. ನಿಮ್ಮನ್ನ ಕೇಳಿದ್ದೆ. ಸಾವಕಾರ್ತಿ ಸ್ಟೇರಿಂಗ್ ಹಿಡಿದ್ರ ಊರು ನಗ್ತದ ಅಂದ್ರಿ. ಊರು ಏಳೂಕಿಂತ ಮೊದಲ ಕಲಿಸು ಅಂದೆ ಸಂಜೂಗ."

"ಅಕ್ಕಾ, ಬಾಯಿ ಮುಚ್ಚು," ಜಗದೇವ ಅಂದ. "ಗೇಟಿನ ಕ್ಯಾಮೆರಾದಾಗ ನೀ ಗಾಡಿ ಹೊಡಿಯೂದು ಕಾಣ್ತಿತ್ತು. ನಿನ್ನ ಸಲುವಾಗೇ ಇಷ್ಟೆಲ್ಲ ಮಾಡೇನಿ."

"ನನ್ನ ಸಲುವಾಗಿ ಮಾಡಿದ್ರ ನನಗ ಹೇಳಿ ಮಾಡ್ತಿದ್ದಿ." ಅವರು ಐಶ್ವರ್ಯಾಳ ಹತ್ತಿರ ಬಂದರು. "ನಿನ್ನ ಅಣ್ಣ ನನ್ನ ಹೆಸರು ಬಾಯಾಗ ತರಲಿಲ್ಲ ತಂಗಿ. ನೀವು ಸುಮ್ಮಿರ್ರಿ ಅವ್ವಾರ, ನಾ ನೋಡ್ಕೊಂತೇನಿ ಅಂದ. ಒಂಬತ್ತು ದಿನ ಸುಮ್ಮಿದ್ದೆ. ನಾಚಿಕಿ ಆಗ್ಯದ ನನಗ. ನಾಳಿ ಹನ್ನೊಂದಕ್ಕ ಆ ಕೋರ್ಟಿನಾಗ ನಾ ಇರ್ತೇನಿ. ನಾನೇ ಗಾಡಿ ಹೊಡ್ಕೊಂಡು ಹೋಗ್ತೇನಿ."

"ಹೋಗಿ ಏನಂತ ಹೇಳ್ತೀರಿ?" ನಾನು ಕೇಳಿದೆ. ಕೇಳದೆ ಗತಿಯಿರಲಿಲ್ಲ. "ನಂದಕಿಶೋರಗ ನೀವು ಗುದ್ದಿದ್ರಿ ಅಂತ?"

"ನಾ ಗುದ್ದಿಲ್ಲ. ಸಂಜೂನೂ ಗುದ್ದಿಲ್ಲ. ರಸ್ತೆ ಮ್ಯಾಲ ಏನೋ ಬಿದ್ದದ್ದು ಕಂಡು ಸ್ಟೇರಿಂಗ್ ಹೊಳ್ಳಿಸಿದೆ. ಗಾಡಿ ಬಡದಿದ್ದು ಮೋರಿ ಕಟ್ಟಿಗೆ. ಇಳಿದು ನೋಡಿದ್ರ ಮನಿಶ್ಯಾ. ಕೈ ಮುಟ್ಟಿ ನೋಡೇನಿ. ಥಂಡಿ ಹೊಡದಿತ್ತು, ಕಟಗಿ ಆಗಿತ್ತು. ನಾವು ಬರೂಕಿಂತ ಎಷ್ಟೋ ಮೊದಲ ಸತ್ತಿದ್ದ ಅಂವಾ. ಯಾರೋ ತಂದು ಒಗದಿದ್ರು."

ಪರದೆಯಲ್ಲಿ ಶಿವಕಾಂತಾ ಇನ್ನೂ ಆ ಗಂಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಚಿತ್ರವನ್ನು ಅಲ್ಲೇ ತಡೆದೆ.

"ನಿಮ್ಮ ಕೈಯಾಗಿಂದು ಏನ್ರಿ ಅಕ್ಕಾವ್ರೇ?"

"ಕೌದಿ. ಹೆಣದ ಮ್ಯಾಲ ಹೊಚ್ಚಿದ್ರು. ಅದನ್ನ ಅಲ್ಲೇ ಬಿಟ್ಟು ಬರಾಕ ನನ್ನ ಕೈಲೆ ಆಗಲಿಲ್ಲ."

"ಯಾಕ?"

"ನಾನೇ ಹೊಲಿದದ್ದು. ಮೂಲ್ಯಾಗ ನಾಕು ಕೆಂಪು ತ್ಯಾಪಿ, ನಮ್ಮ ಮದಿವಿ ಸೀರಿ ತುಂಡಿಂದು. ಎರಡು ಚಳಿಗಾಲದಿಂದ ಇದೇ ಕೋಣ್ಯಾಗ, ಇದೇ ಗಾದಿ ಮ್ಯಾಲ ಇರ್ತಿತ್ತು." ಅವರು ಗಾದಿಯನ್ನು ತೋರಿಸಿದರು. ಯಾರ ಮುಖವನ್ನೂ ನೋಡಲಿಲ್ಲ. "ಈ ಕೋಣಿ ಕೀಲಿ ನನ್ನ ಗಂಡ, ತಮ್ಮ ಇಬ್ಬರ ಹತ್ರ ಅದ. ಅವತ್ತಿನಿಂದ ಬಾಯಿ ಮುಚ್ಚಿ ಕಾಯಾಕತ್ತೇನಿ, ಇಬ್ಬರಾಗ ಯಾರು ಮೊದಲ ಬೆವರ್ತಾರ ಅಂತ. ಮೇಡಂ, ಆ ಡಿಸ್ಕ್ ಬಿಚ್ಚಿ ಚೀಲದಾಗ ಹಾಕ್ರಿ. ಈಗ್ಲೇ ಜೇವರ್ಗಿಗೆ ಹೋಗೋಣು."

ನಾನು ಡಿಸ್ಕಿನ ವೈರಿಗೆ ಕೈ ಹಾಕಿದೆ. ಬೆನ್ನ ಹಿಂದೆ ಬಾಗಿಲು ಮುಚ್ಚಿತು, ಒಳಗಿನಿಂದ ಅಗಳಿ ಬಿದ್ದ ಸದ್ದಾಯಿತು.

ಜಗದೇವನೇ ಎಂದು ತಿರುಗಿದೆ. ಜಗದೇವ ಗೋಡೆಯ ಪ್ಲಗ್ಗಿನ ಪಕ್ಕದಲ್ಲೇ ಇದ್ದ, ನಮ್ಮಷ್ಟೇ ಬೆಪ್ಪಾಗಿ ಬಾಗಿಲ ಕಡೆ ನೋಡುತ್ತಿದ್ದ.

"ಮಾಮಾ?" ಅಂದ.

ದೌಲತರಾಯರು ಅಗಳಿಯಿಂದ ಕೈ ತೆಗೆದು, ನನ್ನ ಮುಂದೆ ಅಂಗೈ ಚಾಚಿದರು.

"ತಂಗೀ," ಅಂದರು, ಎಂದಿನ ಅದೇ ಮೆತ್ತನೆಯ ಧ್ವನಿಯಲ್ಲಿ, "ಅದನ್ನ ಇಲ್ಲಿ ಕೊಡು."